ನೂರನೆಯ ಮಹಡಿ, ನೂರನಲವತ್ತನೆಯ ಮಹಡಿ

ನಮ್ಮ ಕರಾವಳಿಯಲ್ಲಿ ದುಬೈಯ ಬುರ್ಜ್ ಖಲೀಫಾದ ಮಾತು ಬಂದರೆ ಎತ್ತರದ ಲೆಕ್ಕ ಆಮೇಲೆ, ಮೊದಲು ಎರಡು ಮಹಡಿಗಳ ಲೆಕ್ಕ. ನೂರನೆಯದು ಮತ್ತು ನೂರನಲವತ್ತನೆಯದು. ಕಾಪುವಿನಲ್ಲಿ ಹುಟ್ಟಿದ ಬಿ.ಆರ್. ಶೆಟ್ಟರು ಜಗತ್ತಿನ ಅತಿ ಎತ್ತರದ ಕಟ್ಟಡದಲ್ಲಿ ಆ ಎರಡನ್ನೂ ಇಡಿಯಾಗಿ ಕೊಂಡಿದ್ದರು, ಸುಮಾರು ಎರಡೂವರೆ ಕೋಟಿ ಡಾಲರ್ ಕೊಟ್ಟಿದ್ದರು ಎಂದು ಪತ್ರಿಕೆಗಳು ಬರೆದವು. ಆದಿ ಉಡುಪಿಯಿಂದ ಕಾರ್ಕಳದವರೆಗೆ ಮದುವೆ ಊಟದ ಪಂಕ್ತಿಗಳಲ್ಲಿ ಈ ಸುದ್ದಿ ಎಷ್ಟು ಸಲ ಸುತ್ತು ಹೊಡೆಯಿತೋ. 2020ರಲ್ಲಿ ಅವರ ಕಂಪನಿ ಕುಸಿದ ಮೇಲೆ ಅದೇ ಪಂಕ್ತಿಗಳಲ್ಲಿ ಅದೇ ಮಹಡಿಗಳ ಕತೆ ಬೇರೆ ಧಾಟಿಯಲ್ಲಿ ನಡೆಯಿತು. ಮೊದಲಿನ ಹೆಮ್ಮೆಯಾಗಲಿ, ಆಮೇಲಿನ ಕುಹಕವಾಗಲಿ, ಎರಡರಲ್ಲೂ ಕಟ್ಟಡವೇ ಮರೆತುಹೋಯಿತು ಎಂಬುದು ನನ್ನ ತಕರಾರು. ಆ ಗೋಪುರ ಎದ್ದದ್ದು ಎರಡು ಭಾರಗಳನ್ನು ಹೊತ್ತು. ಒಂದು ಕಾಂಕ್ರೀಟಿನದು, ಇನ್ನೊಂದು ಸಾಲದ್ದು. ಮೊದಲನೆಯದನ್ನು ಗಾಳಿ, ಉಪ್ಪು, ಸೆಕೆ ಎಲ್ಲದರ ಎದುರು ನಿಲ್ಲಿಸಿ ಪರೀಕ್ಷಿಸಿದರು. ಎರಡನೆಯದಕ್ಕೆ ಅಂಥ ಪರೀಕ್ಷೆ ನಡೆಯಲಿಲ್ಲ.

ಕತೆಯನ್ನು 1973ರಿಂದ ಹಿಡಿಯಬಹುದು. ಶೆಟ್ಟರು ಅಬುಧಾಬಿಗೆ ಹೊರಟ ವರ್ಷ ಅದು. ಉಡುಪಿ ಪುರಸಭೆಯ ಉಪಾಧ್ಯಕ್ಷರಾಗಿದ್ದವರು, ಔಷಧ ಮಾರಾಟದ ವೃತ್ತಿಯವರು. ಸಹೋದರಿಯ ಮದುವೆಗೆ ಮಾಡಿದ ಸಾಲ ತೀರಿಸಬೇಕಿತ್ತು ಎಂದು ಮುಂದೆ ಸಂದರ್ಶನಗಳಲ್ಲಿ ತಾವೇ ಹೇಳಿಕೊಂಡರು. ಅರಬ್ ಸಂಯುಕ್ತ ಸಂಸ್ಥಾನ ಎಂಬ ದೇಶ ಹುಟ್ಟಿದ್ದು 1971ರ ಡಿಸೆಂಬರಿನಲ್ಲಿ. ದೇಶವೂ ಹೊಸದು, ಹೋದವರೂ ಹೊಸಬರು. ಅಲ್ಲಿಯವರೆಗೆ ನಮ್ಮವರು ಊರು ಬಿಟ್ಟರೆ ಹೆಚ್ಚಾಗಿ ಮುಂಬಯಿಗೆ, ಹೋಟೆಲಿನ ಕೆಲಸಕ್ಕೆ. 1973ರ ಕೊನೆಗೆ ತೈಲದ ಬೆಲೆ ನಾಲ್ಕು ಪಟ್ಟಿನತ್ತ ಏರತೊಡಗಿತು. ಮುಂಬಯಿಗೆ ಹೋಗುತ್ತಿದ್ದ ಹುಡುಗರು ಮುಂಬಯಿಯಲ್ಲಿ ಇಳಿದು ಅಲ್ಲಿಂದ ಕಡಲು ದಾಟತೊಡಗಿದರು.

ಎತ್ತರದ ಚರಿತ್ರೆಯಲ್ಲೂ 1973 ದೊಡ್ಡ ವರ್ಷ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಉದ್ಘಾಟನೆಯಾದದ್ದು ಆ ಎಪ್ರಿಲ್‌ನಲ್ಲಿ. ಮರುತಿಂಗಳೇ ಚಿಕಾಗೋದ ಸಿಯರ್ಸ್ ಟವರ್ ತನ್ನ 442 ಮೀಟರ್ ತುದಿ ಮುಟ್ಟಿ ಅದನ್ನು ಹಿಂದೆ ಹಾಕಿತು. ಇತ್ತ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕಡೆದ 39 ಅಡಿಯ ಏಕಶಿಲೆಯ ಬಾಹುಬಲಿ ಭಾರೀ ಟ್ರಾಲಿ ಏರಿ ಧರ್ಮಸ್ಥಳದ ದಾರಿ ಹಿಡಿದದ್ದೂ ಅದೇ ವರ್ಷ. ರಸ್ತೆಯ ಇಕ್ಕೆಲಗಳಲ್ಲಿ ಊರೂರೇ ನೆರೆದಿತ್ತು. ಎತ್ತರವೆಂದರೆ ನಮ್ಮ ಕಡೆ ಬಹುಕಾಲ ಇದೇ: ಒಂದೇ ಕಲ್ಲು, ಒಂದೇ ದೇಹ. 1432ರಲ್ಲಿ ವೀರಪಾಂಡ್ಯ ಭೈರರಸ ಕಾರ್ಕಳದ ಬಂಡೆಯ ಮೇಲೆ ನಿಲ್ಲಿಸಿದ ಗೊಮ್ಮಟನಿಂದ ಹಿಡಿದು ಹಿರಿಯಂಗಡಿಯ ಮಾನಸ್ತಂಭದವರೆಗೆ ಕೆಲಸದ ಕಷ್ಟವೆಲ್ಲ ಕಲ್ಲನ್ನು ಒಡೆಯದಂತೆ ಸಾಗಿಸಿ ನಿಲ್ಲಿಸುವುದರಲ್ಲಿತ್ತು. ಗಾಳಿ ಅವರನ್ನು ಅಷ್ಟಾಗಿ ಕಾಡಲಿಲ್ಲ.

ಗಗನಚುಂಬಿಗೆ ಗಾಳಿಯೇ ಮೊದಲ ವೈರಿ. ಇಪ್ಪತ್ತು ಮಹಡಿಯವರೆಗೆ ಎಂಜಿನಿಯರ್ ಭಾರದ ಬಗ್ಗೆ ಯೋಚಿಸುತ್ತಾನೆ, ಎಂಬತ್ತು ದಾಟಿದ ಮೇಲೆ ಗಾಳಿಯ ಬಗ್ಗೆ. ಸಿಯರ್ಸ್ ಟವರಿನ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್ ಅಂದಿನ ಬ್ರಿಟಿಷ್ ಭಾರತದ ಢಾಕಾದಲ್ಲಿ ಹುಟ್ಟಿದವರು, ಚಿಕಾಗೋದ ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಎಂಬ ವಾಸ್ತುಶಿಲ್ಪ ಸಂಸ್ಥೆಯಲ್ಲಿ ದುಡಿದವರು. ಕಟ್ಟಡದ ಒಳಗೆಲ್ಲ ಕಂಬ ತುಂಬುವ ಬದಲು ಹೊರಮೈಯನ್ನೇ ಕೊಳವೆಯಂತೆ ಗಟ್ಟಿ ಮಾಡಿ ಗಾಳಿಗೆ ಒಡ್ಡುವ ದಾರಿ ತೋರಿಸಿದವರು ಅವರು. ದುಬೈ ಗೋಪುರದ ನಕ್ಷೆ ತಯಾರಾದದ್ದು ಇದೇ ಸಂಸ್ಥೆಯಲ್ಲಿ. ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್, ರಚನಾ ಎಂಜಿನಿಯರ್ ಬಿಲ್ ಬೇಕರ್. ಖಾನರ ದಾರಿಯಿಂದ ಬೇಕರ್ ಸರಿದು ನಿಂತದ್ದು ಎಲ್ಲಿ ಎಂಬುದೇ ಈ ಕಟ್ಟಡದ ತಿರುಳು.

ದುಬೈಗೆ ಇಂಥ ಗೋಪುರ ಏಕೆ ಬೇಕಾಯಿತು? ಅಬುಧಾಬಿಯಲ್ಲಿರುವಷ್ಟು ಎಣ್ಣೆ ದುಬೈಯಲ್ಲಿಲ್ಲ. ಇದ್ದುದೂ 1990ರ ದಶಕದಿಂದ ಇಳಿಮುಖ. ಬಂದರು, ವಿಮಾನಯಾನ, ಪ್ರವಾಸ, ಕೊನೆಗೆ ಜಮೀನು ವ್ಯವಹಾರ, ಹೀಗೆ ಒಂದೊಂದನ್ನೇ ಹಿಡಿದು ಆ ಊರು ಬೆಳೆಯಿತು. 2002ರಲ್ಲಿ ಗೊತ್ತಾದ ಜಾಗಗಳಲ್ಲಿ ವಿದೇಶಿಯರೂ ಮನೆ ಕೊಳ್ಳಬಹುದು ಎಂದಾಯಿತು. ಮೊಹಮ್ಮದ್ ಅಲಬ್ಬಾರ್ ಮುನ್ನಡೆಸುತ್ತಿದ್ದ ಎಮಾರ್ ಕಂಪನಿ ಮರಳುಗಾಡಿನ ಒಂದು ತುಂಡನ್ನು ಹೊಸ ಪೇಟೆ ಮಾಡಲು ಹೊರಟು, ಅದರ ನಡುವೆ ಎಲ್ಲರ ಕಣ್ಣು ಸೆಳೆಯುವ ಒಂದು ಗೋಪುರ ಬೇಕು ಎಂದಿತು. ಸುತ್ತಲಿನ ನಿವೇಶನಗಳಿಗೆ ಬೆಲೆ ಬರಬೇಕಾದರೆ ನಡುವೆ ಅಂಥದ್ದೊಂದು ನಿಲ್ಲಲೇಬೇಕು. ಗೋಪುರಕ್ಕೆ ತಗುಲಿದ ಸುಮಾರು 150 ಕೋಟಿ ಡಾಲರನ್ನು ಗೋಪುರವೇ ಗಳಿಸಿಕೊಡಬೇಕೆಂದಿರಲಿಲ್ಲ, ಅಕ್ಕಪಕ್ಕದ ಜಮೀನು ಗಳಿಸಿಕೊಟ್ಟರೆ ಸಾಕಿತ್ತು. 2004ರ ಜನವರಿಯಲ್ಲಿ ಅಗೆತ ಶುರುವಾಯಿತು. ಗುತ್ತಿಗೆ ಕೊರಿಯಾದ ಸ್ಯಾಮ್‌ಸಂಗ್ ಸಿ ಆ್ಯಂಡ್ ಟಿಗೆ, ಜೊತೆಗೆ ಬೆಲ್ಜಿಯಂನ ಬೆಸಿಕ್ಸ್ ಮತ್ತು ಸ್ಥಳೀಯ ಅರಬ್‌ಟೆಕ್. ಆಗ ಅದರ ಹೆಸರು ಬುರ್ಜ್ ದುಬೈ.

ಮೇಲಿನಿಂದ ನೋಡಿದರೆ ಗೋಪುರಕ್ಕೆ ಮೂರು ಕವಲು. ನಡುವೆ ಷಟ್ಕೋನದ ಕಾಂಕ್ರೀಟ್ ಗೂಡು, ಲಿಫ್ಟುಗಳು ಅದರೊಳಗೆ. ಆ ಗೂಡಿನಿಂದ ಹೊರಟ ಪ್ರತಿ ಕವಲಿನ ಉದ್ದಕ್ಕೂ ಓಣಿ, ಓಣಿಯ ಎರಡೂ ಬದಿಗೆ ದಪ್ಪ ಗೋಡೆ. ಬರಿಯ ಗೂಡು ಅಷ್ಟು ಎತ್ತರಕ್ಕೆ ಎದ್ದರೆ ಗಾಳಿಗೆ ಬಾಗುತ್ತದೆ; ಬರಿಯ ಕವಲುಗಳಿದ್ದರೆ ತಿರುಚಿಕೊಳ್ಳುತ್ತವೆ. ಎರಡನ್ನೂ ಬೆಸೆದಾಗ ಗೂಡು ತಿರುಚುವಿಕೆಯನ್ನು ತಡೆಯುತ್ತದೆ, ಕವಲುಗಳು ಬಾಗುವಿಕೆಯನ್ನು. ಒಂದು ದಿಕ್ಕಿನಿಂದ ಗಾಳಿ ತಳ್ಳಿದರೆ ಉಳಿದೆರಡು ಕವಲುಗಳು ಆನಿಸಿಕೊಳ್ಳುತ್ತವೆ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಮೂವರಲ್ಲಿ ಒಬ್ಬನನ್ನು ತಳ್ಳಿದಂತೆ. ಖಾನರ ಕೊಳವೆ ಬಲವನ್ನು ಹೊರಮೈಗೆ ಕೊಟ್ಟಿತ್ತು; ಬೇಕರ್ ಅದನ್ನು ಒಳಗೆ ತಂದು, ಪ್ರತಿ ಗೋಡೆಯೂ ಭಾರವನ್ನೂ ಗಾಳಿಯನ್ನೂ ಒಟ್ಟಿಗೆ ಹೊರುವಂತೆ ಮಾಡಿದರು. ಸುಮ್ಮನೆ ನಿಂತ ಗೋಡೆ ಅಲ್ಲಿ ಇಲ್ಲವೆಂದೇ ಹೇಳಬೇಕು. ಮರುಭೂಮಿಯ ಹೂವೊಂದರ ಆಕಾರವೇ ಸ್ಫೂರ್ತಿ ಎಂಬ ವಿವರಣೆಯೂ ಚಾಲ್ತಿಯಲ್ಲಿದೆ. ಪ್ರವಾಸಿಗರಿಗೆ ಅದು ಹಿತವಾಗಿರಬಹುದು, ನನಗೆ ಗೋಡೆಗಳ ಲೆಕ್ಕವೇ ಹೆಚ್ಚು ಚಂದ ಕಾಣುತ್ತದೆ.

ಮೇಲೆ ಹೋದಂತೆ ಕವಲುಗಳು ಒಂದೊಂದಾಗಿ ಮೊಟಕಾಗುತ್ತವೆ. ಹೀಗೆ 27 ಕಡೆ ಮೆಟ್ಟಿಲು ಬಿದ್ದಿದೆ, ಗೋಪುರವನ್ನು ಸುತ್ತಿ ಸುತ್ತಿ ಏರಿದ ಹಾಗೆ. ನೋಟಕ್ಕೆ ಅದೊಂದು ಅಲಂಕಾರ, ಆದರೆ ಅದರ ಹಿಂದೆ ಕೆನಡಾದ ಗ್ವೆಲ್ಫ್ ಪಟ್ಟಣದ ಗಾಳಿ ಸುರಂಗದಲ್ಲಿ ನಡೆದ 40ಕ್ಕೂ ಹೆಚ್ಚು ಪರೀಕ್ಷೆಗಳಿವೆ. ಗಾಳಿ ಒಂದು ಕಟ್ಟಡವನ್ನು ದಾಟಿ ಹೋಗುವಾಗ ಹಿಂಬದಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿ ಬಿಡುತ್ತದೆ. ಮೇಲಿನಿಂದ ಕೆಳಗಿನವರೆಗೆ ಕಟ್ಟಡದ ಅಗಲ ಒಂದೇ ಆಗಿದ್ದರೆ ಸುಳಿಗಳೆಲ್ಲ ಒಂದೇ ತಾಳಕ್ಕೆ ಬಿದ್ದು ಕಟ್ಟಡವನ್ನು ತೂಗತೊಡಗುತ್ತವೆ. ಅಗಲ ಅಲ್ಲಲ್ಲಿ ಬದಲಾದರೆ ಒಂದೊಂದು ಎತ್ತರದ ಸುಳಿಗೂ ಒಂದೊಂದು ತಾಳ. ಅವು ಕೂಡಿ ತಳ್ಳಲಾರವು. ಪರೀಕ್ಷೆಯ ಫಲಿತಾಂಶ ನೋಡಿ ಮೆಟ್ಟಿಲುಗಳ ಜಾಗವನ್ನು ಬದಲಿಸಿದರು, ಇಡೀ ಗೋಪುರದ ಮುಖವನ್ನೇ ಬೀಸುಗಾಳಿಗೆ ಹೊಂದುವಂತೆ ತಿರುಗಿಸಿದರು. ಈ ಗೋಪುರದ ಆಕಾರವನ್ನು ಪೆನ್ಸಿಲಿನಷ್ಟೇ ಗಾಳಿಯೂ ಬರೆದಿದೆ.

ಇನ್ನು ಬುಡ. ಮುರಕಲ್ಲಿನ ಗಟ್ಟಿ ನೆಲದ ಮೇಲೆ ಪಂಚಾಂಗ ಹಾಕಿ ರೂಢಿಯಿರುವ ನಮಗೆ ದುಬೈಯ ನೆಲ ನೋಡಿದರೆ ಗಾಬರಿಯಾಗಬೇಕು. ಮೇಲೆ ಮರಳು, ಕೆಳಗೆ ಬಲ ಸಾಲದ ಮರಳುಗಲ್ಲು, ಸ್ವಲ್ಪ ಅಗೆದರೆ ನೀರು. ಆ ನೀರು ಸಮುದ್ರದ ನೀರಿಗಿಂತ ಉಪ್ಪು. ಉಪ್ಪುಗಾಳಿಗೆ ಕಿಟಕಿಯ ಸರಳು ಹೇಗೆ ಉಬ್ಬಿ ಸಿಪ್ಪೆ ಏಳುತ್ತದೆ ಎಂದು ಮಲ್ಪೆ, ಕಾಪುವಿನ ಕಡೆ ಮನೆ ಕಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ದುಬೈಯಲ್ಲಿ ಕಬ್ಬಿಣ ಉಪ್ಪುನೀರಿನಲ್ಲಿಯೇ ಮುಳುಗಿರಬೇಕು. 1.5 ಮೀಟರ್ ವ್ಯಾಸದ 192 ಪೈಲುಗಳನ್ನು ಸುಮಾರು 50 ಮೀಟರ್ ಆಳಕ್ಕೆ ಇಳಿಸಿದರು. ಅವುಗಳ ತಲೆಯ ಮೇಲೆ 3.7 ಮೀಟರ್ ದಪ್ಪದ ಕಾಂಕ್ರೀಟ್ ಹಾಸು. ಉಪ್ಪು ಒಳಗಿಳಿಯದಷ್ಟು ಬಿಗಿಯಾದ ಕಾಂಕ್ರೀಟನ್ನು ಆರಿಸಿ, ಅದೂ ಸಾಲದೆಂದು ಹಾಸಿನ ಅಡಿಯಲ್ಲಿ ವಿದ್ಯುತ್ ಹರಿಸಿ ತುಕ್ಕು ತಡೆಯುವ ಏರ್ಪಾಡು ಮಾಡಿದರು. ಪೈಲುಗಳು ನಿಂತಿರುವುದು ಮುಖ್ಯವಾಗಿ ಬದಿಯ ಮಣ್ಣುಕಲ್ಲಿನ ಹಿಡಿತದಿಂದ, ತಳದಲ್ಲಿ ಸಿಕ್ಕ ಬಂಡೆಯಿಂದಲ್ಲ.

ಕಾಂಕ್ರೀಟನ್ನು ಮೇಲಕ್ಕೆ ಏರಿಸಿದ್ದು ಇಡೀ ಕತೆಯಲ್ಲಿ ನನಗೆ ಅತ್ಯಂತ ಮೆಚ್ಚಿನ ಭಾಗ. ಬೇಸಗೆಯ ಹಗಲಿನಲ್ಲಿ ದುಬೈಯಲ್ಲಿ ಉಷ್ಣತೆ 50 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಸೆಕೆಗೆ ಕಾಂಕ್ರೀಟು ಕೊಳವೆಯಲ್ಲೇ ಹೆಪ್ಪುಗಟ್ಟಿ ಕೂರುತ್ತದೆ, ಗಡಿಬಿಡಿಯಲ್ಲಿ ಗಟ್ಟಿಯಾದರೆ ಬಿರುಕು ಬಿಡುತ್ತದೆ. ಹಾಗಾಗಿ ಬೇಸಗೆಯಲ್ಲಿ ರಾತ್ರಿಯೇ ಸುರಿಯುವುದು, ಕಲಸುವ ನೀರಿನ ಪಾಲಿಗೆ ಮಂಜುಗಡ್ಡೆಯ ಚೂರು ಹಾಕುವುದು. ಪಂಪಿನ ಶಕ್ತಿ ಸಾಕೇ ಎಂದು ತಿಳಿಯಲು ಕೆಲಸಕ್ಕೆ ಮೊದಲೇ ನೂರಾರು ಮೀಟರ್ ಕೊಳವೆಯನ್ನು ನೆಲದ ಮೇಲೆ ಮಲಗಿಸಿ ಕಾಂಕ್ರೀಟು ನೂಕಿ ನೋಡಿದರು. ಎತ್ತರ ಏರಿದಂತೆ ಮಿಶ್ರಣ ಬದಲಾಯಿತು. ಕೆಳಗೆ 20 ಮಿಲಿಮೀಟರ್ ಜಲ್ಲಿ, ಮೇಲೆ 14, ಇನ್ನೂ ಮೇಲೆ 10. ಕೊನೆಗೆ 606 ಮೀಟರ್ ಎತ್ತರಕ್ಕೆ ಒಂದೇ ಪಂಪಿನಿಂದ ಕಾಂಕ್ರೀಟು ಮುಟ್ಟಿತು, ಅದಕ್ಕೆ ಮೊದಲು ಯಾರೂ ಅಷ್ಟು ಎತ್ತರಕ್ಕೆ ಪಂಪು ಮಾಡಿರಲಿಲ್ಲ. ಸೆಂಟ್ರಿಂಗ್ ತಾನೇ ಜಾಕಿನ ಮೇಲೆ ಏರುತ್ತಿತ್ತು. ಕೆಲಸ ಹದಕ್ಕೆ ಬಂದ ಮೇಲೆ ಮೂರು ದಿನಕ್ಕೊಂದು ಮಹಡಿ. ಒಟ್ಟು 3,30,000 ಘನ ಮೀಟರ್ ಕಾಂಕ್ರೀಟು. ಅದರ ಮೇಲಿನ ಉಕ್ಕಿನ ಶಿಖರವೇ ಬೇರೆ ಸಾಹಸ: 4,000 ಟನ್ನಿಗೂ ಮೀರಿದ ಆ ಉಕ್ಕನ್ನು ಗೋಪುರದ ಒಳಗೇ ಜೋಡಿಸಿ, ಹೈಡ್ರಾಲಿಕ್ ಪಂಪಿನಿಂದ ಮೇಲಕ್ಕೆ ನೂಕಿ ಹೊರಗೆ ತೆಗೆದರು.

ಗಾಜಿನ ಹೊದಿಕೆಯ ಕೆಲಸ ಅಷ್ಟು ಸಲೀಸಾಗಿ ನಡೆಯಲಿಲ್ಲ. ಗುತ್ತಿಗೆ ಹಿಡಿದಿದ್ದ ಸ್ವಿಸ್ ಕಂಪನಿ ಶ್ಮಿಡ್ಲಿನ್ 2006ರಲ್ಲಿ ದಿವಾಳಿ ಎದ್ದಿತು. ಬೇರೆಯವರನ್ನು ಹುಡುಕಿ ಹೊದಿಕೆ ಶುರುವಾಗುವಾಗ 2007ರ ಮೇ.

ಯಾರು ಕಟ್ಟಿದರು? ಕೆಲಸ ಜೋರಾಗಿದ್ದಾಗ ದಿನಕ್ಕೆ 12,000 ಜನ ಅಲ್ಲಿ ದುಡಿಯುತ್ತಿದ್ದರು, ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳದವರು. ನುರಿತ ಬಡಗಿಗೆ ದಿನಕ್ಕೆ ನಾಲ್ಕು ಪೌಂಡಿನ ಮೇಲೆ ಚೂರು, ಕೂಲಿಯಾಳಿಗೆ ಮೂರಕ್ಕೂ ಕಡಿಮೆ ಎಂದು ಆಗಿನ ವರದಿಗಳು ಲೆಕ್ಕ ಕೊಟ್ಟವು. 2006ರ ಮಾರ್ಚ್‌ನಲ್ಲಿ ಒಂದು ಸಂಜೆ ಪಾಳಿ ಮುಗಿದ ಮೇಲೆ ಬಸ್ಸು ತಡವಾಯಿತೆಂಬ ನೆಪದಿಂದ ಹೊತ್ತಿದ ಸಿಟ್ಟು ಸುಮಾರು 2,500 ಜನರ ದಾಂಧಲೆಯಾಯಿತು: ಕಾರು, ಕಚೇರಿ, ಕಂಪ್ಯೂಟರ್ ಪುಡಿಪುಡಿ. ಮರುದಿನ ಕೆಲಸ ನಿಲ್ಲಿಸಿದರು. ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ಕಟ್ಟುತ್ತಿದ್ದವರೂ ಅವರ ಜೊತೆ ನಿಂತರು. ಮುಷ್ಕರ ಹೂಡುವುದೇ ಆ ದೇಶದಲ್ಲಿ ಅಪರಾಧ. ಹೆಚ್ಚು ಕೂಲಿ, ಸಮಯಕ್ಕೆ ಸಂಬಳ, ಒಳ್ಳೆಯ ಉಪಚಾರ, ಇಷ್ಟೇ ಅವರ ಕೇಳಿಕೆ. ಗಲ್ಫಿನಿಂದ ರಜೆಗೆ ಬಂದವರು ಸೆಂಟು, ಟಾರ್ಚು, ಬ್ಲ್ಯಾಂಕೆಟು ಹೊತ್ತು ತಂದ ನೆನಪು ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೂ ಇದೆ; ಅಲ್ಲಿನ ಪಾಳಿಯ ಲೆಕ್ಕವನ್ನು ಅವರು ಮನೆಯಲ್ಲಿ ಹೇಳಿದ್ದು ಕಡಿಮೆ.

ಅಷ್ಟರಲ್ಲಿ ಗೋಪುರ ದಾಖಲೆಗಳನ್ನು ದಾಟುತ್ತಿತ್ತು. 2007ರ ಜುಲೈಯಲ್ಲಿ ತೈಪೆ 101ರ 508 ಮೀಟರ್, ಸೆಪ್ಟೆಂಬರಿನಲ್ಲಿ ಟೊರಾಂಟೋದ ಸಿಎನ್ ಟವರಿನ 553. ಕೊನೆಗೆ ಎಷ್ಟು ಎತ್ತರವೆಂದು ಎಮಾರ್ ಉದ್ಘಾಟನೆಯ ದಿನದವರೆಗೂ ಬಾಯಿ ಬಿಡಲಿಲ್ಲ. ಗುಟ್ಟಿನಿಂದ ಕುತೂಹಲ ಬೆಳೆಯಿತು, ಕುತೂಹಲದಿಂದ ಬೆಲೆ. ವಾಸದ 900 ಮನೆಗಳು 2004ರಲ್ಲಿ ಗಂಟೆಗಳ ಲೆಕ್ಕದಲ್ಲಿ ಖಾಲಿಯಾಗಿದ್ದವು. ಕೊಂಡವರಲ್ಲಿ ಬಹಳ ಜನ ಅಲ್ಲಿ ಮಲಗಲು ಕೊಂಡವರಲ್ಲ, ಮಾರಲು ಕೊಂಡವರು.

2008ರ ಜಾಗತಿಕ ಕುಸಿತ ದುಬೈಯನ್ನು ಹಿಡಿಯಿತು. 2009ರ ನವೆಂಬರ್ 25ರಂದು ಸರಕಾರಿ ಸಂಸ್ಥೆ ದುಬೈ ವರ್ಲ್ಡ್ ತನ್ನ ಸಾಲಕ್ಕೆ ಆರು ತಿಂಗಳ ವಾಯಿದೆ ಕೇಳಿತು. ಅದರ ಹೊರೆ 5,900 ಕೋಟಿ ಡಾಲರ್ ಎಂದು ಹೊರಬಿದ್ದಾಗ ಜಗತ್ತಿನ ಶೇರು ಪೇಟೆಗಳು ನಡುಗಿದವು. ಡಿಸೆಂಬರ್ 14ಕ್ಕೆ ನೆರೆಯ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟು ಕೈಹಿಡಿಯಿತು. ಮೂರು ವಾರ ಕಳೆದು, 2010ರ ಜನವರಿ 4ರ ರಾತ್ರಿ, ಪಟಾಕಿಗಳ ನಡುವೆ ಪರದೆ ಸರಿದಾಗ ಫಲಕದಲ್ಲಿದ್ದದ್ದು ಬುರ್ಜ್ ದುಬೈ ಅಲ್ಲ, ಬುರ್ಜ್ ಖಲೀಫಾ. ಅಬುಧಾಬಿಯ ಅಂದಿನ ದೊರೆ, ದೇಶದ ಅಂದಿನ ಅಧ್ಯಕ್ಷ ಶೇಖ್ ಖಲೀಫಾ ಬಿನ್ ಝಾಯೆದ್ ಹೆಸರು. ಆರು ವರ್ಷ ಒಂದು ಹೆಸರಿನಲ್ಲಿ ಕಟ್ಟಿದ ಗೋಪುರ ಒಂದೇ ರಾತ್ರಿಗೆ ಇನ್ನೊಂದು ಹೆಸರು ಪಡೆಯಿತು. ಏಕೆ ಎಂದು ಅಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಮೊದಲ ವರ್ಷ ಹೆಚ್ಚಿನ ಮನೆಗಳು ಕತ್ತಲಲ್ಲೇ ಇದ್ದವು. ತೆರೆದು ಒಂದೇ ತಿಂಗಳಿಗೆ 124ನೆಯ ಮಹಡಿಯ ವೀಕ್ಷಣಾ ಕಟ್ಟೆಯ ಲಿಫ್ಟು ಕೆಟ್ಟು ಜನ ಸಿಕ್ಕಿಕೊಂಡರು, ಕಟ್ಟೆಯನ್ನು ಕೆಲಕಾಲ ಮುಚ್ಚಿದರು. ನಿಧಾನವಾಗಿ ಊರು ಆ ಎತ್ತರಕ್ಕೆ ಒಗ್ಗಿಕೊಂಡಿತು. ಒಗ್ಗಿದ ಬಗೆಗೆ ಒಂದು ಉದಾಹರಣೆ ಕೊಡದೆ ಮುಂದೆ ಹೋಗಲು ಮನಸ್ಸಿಲ್ಲ: 2011ರ ರಂಜಾನಿನಲ್ಲಿ ದುಬೈಯ ಧರ್ಮಗುರುಗಳು, 80ನೆಯ ಮಹಡಿಯಿಂದ ಮೇಲಿರುವವರು ಉಪವಾಸ ಬಿಡಲು ಎರಡು ನಿಮಿಷ ಹೆಚ್ಚು ಕಾಯಬೇಕು, 150ರಿಂದ ಮೇಲಿರುವವರು ಮೂರು ನಿಮಿಷ ಎಂದರು. ಅಷ್ಟು ಮೇಲೆ ಸೂರ್ಯ ತಡವಾಗಿ ಮುಳುಗುತ್ತಾನೆ. ಅಂದರೆ ಶೆಟ್ಟರ ಎರಡೂ ಮಹಡಿಗಳಿಗೆ ಎರಡು ನಿಮಿಷದ ನಿಯಮ.

ಆ ಮಹಡಿಗಳಿಗೆ ಬರೋಣ. ನೂರನೆಯದು ವಾಸದ ಮಹಡಿಗಳ ಸಾಲಿನಲ್ಲಿ, ನೂರನಲವತ್ತನೆಯದು ಕಚೇರಿಗಳ ಸಾಲಿನಲ್ಲಿ. ಎರಡರ ನಡುವೆ ಗೋಪುರ ಮೊಟಕಾಗಿರುವುದರಿಂದ ಮೇಲಿನದು ಕಿರಿದು. ಅಲ್ಲಿಗೆ ತಲಪಿದ ಹಣ ಬಂದದ್ದು ಎಲ್ಲಿಂದ? 1975ರಲ್ಲಿ ಅಬುಧಾಬಿಯಲ್ಲಿ ಶೆಟ್ಟರು ತೆರೆದ ನ್ಯೂ ಮೆಡಿಕಲ್ ಸೆಂಟರ್ ಎಂಬ ಚಿಕ್ಕ ಚಿಕಿತ್ಸಾಲಯದಲ್ಲಿ ಮೊದಲ ವೈದ್ಯೆ ಅವರ ಪತ್ನಿ ಡಾ. ಚಂದ್ರಕುಮಾರಿ. 1980ರಲ್ಲಿ ಯುಎಇ ಎಕ್ಸ್‌ಚೇಂಜ್ ಬಂತು. ಆಸ್ಪತ್ರೆಗಳಿಗಿಂತ ಇದು ನನಗೆ ಮುಖ್ಯವೆನಿಸುತ್ತದೆ. ಡ್ರಾಫ್ಟು ಬರೆಸಲು ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ಕೂಲಿಯವರು ಸಂಬಳದ ದಿನ ಸಾಲು ನಿಲ್ಲುತ್ತಿದ್ದುದು ಇಂಥ ಹಣ ರವಾನೆಯ ಕೌಂಟರುಗಳ ಮುಂದೆ. ಸಣ್ಣ ಮೊತ್ತ, ಸಣ್ಣ ಕಮಿಷನ್, ಲಕ್ಷಾಂತರ ಜನ. ಗೋಪುರ ಕಟ್ಟಿದ ಕೈಗಳ ದುಡಿಮೆಯಿಂದ ಬಂದ ಕಮಿಷನ್ನಿನ ಒಂದು ಎಳೆ ಸುತ್ತಿ ಬಳಸಿ ಗೋಪುರದ ಎರಡು ಮಹಡಿಗಳನ್ನು ಮುಟ್ಟಿತು ಎಂದರೆ ತಪ್ಪಾಗಲಾರದು.

2009ರಲ್ಲಿ ಶೆಟ್ಟರಿಗೆ ಪದ್ಮಶ್ರೀ. 2012ರಲ್ಲಿ ಆ ಚಿಕ್ಕ ಚಿಕಿತ್ಸಾಲಯದಿಂದ ಬೆಳೆದ ಎನ್‌ಎಂಸಿ ಹೆಲ್ತ್ ಲಂಡನ್ ಶೇರು ಪೇಟೆಗೆ ಹೋಯಿತು, 2017ರಲ್ಲಿ ಅಲ್ಲಿನ ಅಗ್ರ ನೂರು ಕಂಪನಿಗಳ ಪಟ್ಟಿಗೆ ಸೇರಿತು. 2019ರ ಡಿಸೆಂಬರ್ 17ರಂದು ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಹೂಡಿಕೆ ಸಂಸ್ಥೆ ಕಂಪನಿಯ ಲೆಕ್ಕಪತ್ರಗಳ ಮೇಲೆ ಸಂಶಯ ಎತ್ತಿ ವರದಿ ಹೊರಡಿಸಿತು. ಶೇರು ಕುಸಿಯಿತು, ಫೆಬ್ರವರಿಯಲ್ಲಿ ಶೆಟ್ಟರು ಆಡಳಿತ ಮಂಡಳಿಯಿಂದ ಹೊರಬಂದರು, ಮಾರ್ಚ್‌ನಲ್ಲಿ ಪುಸ್ತಕದಲ್ಲಿ ಕಾಣದ ನೂರಾರು ಕೋಟಿ ಡಾಲರಿನ ಸಾಲ ಬಯಲಾಯಿತು. ಒಟ್ಟು ಸಾಲ 660 ಕೋಟಿ ಡಾಲರ್. ಇದರಲ್ಲಿ ತಮ್ಮ ಕೈಯಿಲ್ಲ, ತಮಗೂ ವಂಚನೆಯಾಗಿದೆ ಎಂದ ಶೆಟ್ಟರು ತಮ್ಮ ಹಿಂದಿನ ಅಧಿಕಾರಿಗಳ ಮತ್ತು ಬ್ಯಾಂಕುಗಳ ಮೇಲೆ ಮೊಕದ್ದಮೆ ಹೂಡಿದರು. ಸಾಲ ಕೊಟ್ಟ ಬ್ಯಾಂಕುಗಳು ಅವರ ಮೇಲೆ ಹೂಡಿದವು. ಅದೆಲ್ಲ ನ್ಯಾಯಾಲಯಗಳ ವಿಷಯ. ಕಟ್ಟಡದ ಚರಿತ್ರೆ ಬರೆಯುವವನಿಗೆ ಕಾಣುವುದು ಇಷ್ಟು: ಗ್ವೆಲ್ಫಿನ ಸುರಂಗದಲ್ಲಿ ಮಾದರಿಯನ್ನು ಹತ್ತಾರು ಸಲ ಗಾಳಿಗೆ ಒಡ್ಡಿದವರು ಪ್ರತಿ ಸಲವೂ ಎಲ್ಲಿ ಬಾಗುತ್ತದೆ ಎಂದೇ ಹುಡುಕಿದರು. ಕಂಪನಿಯ ಲೆಕ್ಕವನ್ನು ವರ್ಷಾವರ್ಷ ನೋಡುತ್ತಿದ್ದವರು ಹಾಗೆ ಹುಡುಕಲಿಲ್ಲ.

2020ರ ಎಪ್ರಿಲ್ 9ಕ್ಕೆ ಎನ್‌ಎಂಸಿ ಹೆಲ್ತ್ ಲಂಡನ್ನಿನಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅದಕ್ಕೆ ಎಂಟು ದಿನ ಮೊದಲು, ಎಪ್ರಿಲ್ 1ರಂದು, ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಗಿತ್ತು. 1906ರಲ್ಲಿ 5,000 ರೂಪಾಯಿ ಬಂಡವಾಳದಿಂದ ಆ ಬ್ಯಾಂಕನ್ನು ಶುರು ಮಾಡಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಉಡುಪಿಯ ನಡುವೆ ಹೆಂಗಸರ, ಮಕ್ಕಳ ಸರಕಾರಿ ಆಸ್ಪತ್ರೆಗೆಂದು ಜಾಗ ದಾನ ಕೊಟ್ಟವರೂ ಅವರೇ. ಆ ಜಾಗವನ್ನು ಖಾಸಗಿಯವರಿಗೆ ಒಪ್ಪಿಸಬಾರದು ಎಂದು ಊರಿನಲ್ಲಿ ಹೋರಾಟ ನಡೆದಿತ್ತು. ಆದರೂ ಒಪ್ಪಂದವಾಗಿ, ಶೆಟ್ಟರು ಅಲ್ಲಿ 200 ಹಾಸಿಗೆಯ ಹೊಸ ಆಸ್ಪತ್ರೆ ಕಟ್ಟಿಸಿದರು. 2017ರಲ್ಲಿ ತೆರೆದ ಆ ಕಟ್ಟಡದ ಹೆಸರಿನಲ್ಲಿ ಅವರ ತಂದೆತಾಯಿ ಶಂಭು ಶೆಟ್ಟಿ, ಕೂಸಮ್ಮ ಇದ್ದಾರೆ, ಜೊತೆಗೆ ಹಾಜಿ ಅಬ್ದುಲ್ಲಾ ಸಾಹೇಬರೂ ಇದ್ದಾರೆ. ಅದೇ ಆವರಣದಲ್ಲಿ ಏಳಬೇಕಿದ್ದ ಇನ್ನೂ ದೊಡ್ಡ ಆಸ್ಪತ್ರೆ ಅರ್ಧಕ್ಕೇ ನಿಂತಿತು. ತೆರೆದಿದ್ದ ಆಸ್ಪತ್ರೆಯನ್ನು 2022ರಲ್ಲಿ ರಾಜ್ಯ ಸರಕಾರ ತಾನೇ ವಹಿಸಿಕೊಂಡಿತು, ಹೆರಿಗೆಗಳು ಅಲ್ಲಿ ನಡೆಯುತ್ತಿವೆ.